ಪೊರಕೆಗೊಬ್ಬ ಯಜಮಾನ

ಹೋದ ತಿಂಗಳು ಒಂದು ಮುಂಜಾನೆ ಹುಬ್ಬಳ್ಳಿಗೆ ಹೊರಟಿದ್ದೆ. ಅಮ್ಮ ಬಾಗಿಲ ತನಕ ಬಂದು 'ಹೋಗಿ ಬಾ' ಅಂದು, ನಾನು ಆಟೊ ಹತ್ತುವವರೆಗೂ ನಿಂತಿದ್ದು ಒಳಗೆ ಹೋದಳು. ಆಟೊ ಇನ್ನೂ ಮುಖ್ಯರಸ್ತೆ ಮುಟ್ಟಿರಲಿಲ್ಲ, ಫೋನು ಬಂತು. 'ಏನೋ ಇದು, ನೀನು ಹೊಸಿಲು ದಾಟಿದ ಬೆನ್ನಿಗೇ ಈ ಗುಂಡ ಮನೆ ಗುಡಿಸೋಕೆ ಹೊರಟಿದ್ದಾನಲ್ಲೋ! ಮೊದಲು ನಿಲ್ಲಿಸು ಇದನ್ನ.'

ಗುಂಡ ಎಂದರೆ ನಮ್ಮ ಮನೆಯ ಕಸ ಗುಡಿಸುವ ರೋಬಾಟ್. ತಟ್ಟೆಯಂತೆ ದುಂಡಗಿರುವುದರಿಂದ ಮಗಳು ಇಟ್ಟ ಹೆಸರು. 'ಮೇಲೊಂದು ಗುಂಡಿ ಇದೆ, ಒತ್ತಮ್ಮ' ಎಂದೆ. 'ಎಲ್ಲಿ ಒತ್ತಲಿ? ಅದು ಮಂಚದ ಕೆಳಗೆ ಹೋಗಿ ಸೇರಿಕೊಂಡಿದೆ' ಎಂದಳು. ಎಪ್ಪತ್ತು ದಾಟಿದವಳು ಮಂಚದ ಕೆಳಗೆ ತೂರಿಯಾಳೇ? ಕೊನೆಗೆ ಆಟೊದಲ್ಲಿ ಕೂತೇ ಫೋನಿನಿಂದ ನಿಲ್ಲಿಸಿದೆ.

ಯಾರಾದರೂ ಊರಿಗೆ ಹೊರಟ ಕೂಡಲೇ ಮನೆ ಗುಡಿಸಬಾರದು ಎಂಬುದು ನಮ್ಮಲ್ಲಿ ಅನೇಕ ಮನೆಗಳ ರೂಢಿ. ಹೆಣ ಎತ್ತಿದ ಮೇಲೆ ಮನೆ ಗುಡಿಸಿ ತೊಳೆಯುತ್ತಾರೆ; ತಿರುಗಿ ಬರಬೇಕಾದವನು ಹೊರಟಾಗ ಆ ಕೆಲಸ ಮಾಡಬಾರದು ಎಂಬುದು ಅಮ್ಮನ ಅಂಜಿಕೆ. ಅದನ್ನು ನಂಬುವುದು ಬಿಡುವುದು ಬೇರೆ ಮಾತು. ಯಂತ್ರಕ್ಕೆ ಆ ಹೊತ್ತಿನಲ್ಲೇ ಗುಡಿಸುವ ಬುದ್ಧಿ ಯಾಕೆ ಬಂತು ಎಂದು ಫೋನು ನೋಡಿದರೆ ಅಲ್ಲೊಂದು ಸಂದೇಶ ಬಿದ್ದಿತ್ತು: ಮನೆಯಲ್ಲಿ ಯಾರೂ ಇಲ್ಲ, ಶುಚಿ ಕೆಲಸ ಆರಂಭವಾಗಿದೆ.

ಮನೆಯಲ್ಲಿ ಯಾರೂ ಇಲ್ಲ! ಬಾಗಿಲಲ್ಲಿ ಅಮ್ಮ ಇದ್ದಳು, ಅಡುಗೆಮನೆಯಲ್ಲಿ ಹೆಂಡತಿ ಇದ್ದಳು, ಕೋಣೆಯಲ್ಲಿ ಮಗಳು ಮಲಗಿದ್ದಳು. ತಪ್ಪು ಯಂತ್ರದ್ದಲ್ಲ, ನನ್ನದು. 'ಎಲ್ಲರೂ ಹೊರಗೆ ಹೋದಾಗ ಗುಡಿಸು' ಎಂಬ ಸೌಲಭ್ಯವನ್ನು ನಾನೇ ಒತ್ತಿ ಇಟ್ಟಿದ್ದೆ. 'ಎಲ್ಲರೂ' ಎಂದರೆ ಯಾರು ಎಂದು ಯಂತ್ರಕ್ಕೆ ಗೊತ್ತಾಗುವುದು ಅದರ ಆ್ಯಪ್‌ನಲ್ಲಿ ನೋಂದಾಯಿಸಿದ ಫೋನುಗಳಿಂದ. ನೋಂದಾಯಿಸಿದ್ದ ಫೋನು ಒಂದೇ, ನನ್ನದು. ಆ ಫೋನು ಮನೆಯ ಸುತ್ತ ಎಳೆದ ಅದೃಶ್ಯ ಗೆರೆ ದಾಟಿತು, ಮನೆ ಖಾಲಿಯಾಯಿತು. ಗುಂಡನ ಜನಗಣತಿಯಲ್ಲಿ ನಮ್ಮ ಮನೆಯ ಜನಸಂಖ್ಯೆ ಒಂದು.

ಪೊರಕೆಗೆ ಯಜಮಾನ ಎಂಬವನು ಯಾವತ್ತೂ ಇರಲಿಲ್ಲ. ಬಾಗಿಲ ಹಿಂದೆ ನಿಂತಿರುತ್ತಿತ್ತು, ಬೇಕಾದವರು ಹಿಡಿಯುತ್ತಿದ್ದರು. ಹಿಡಿಯುವ ಕೈ ಹೆಚ್ಚಾಗಿ ಹೆಣ್ಣಿನದೇ ಆಗಿತ್ತು, ಅದು ನಿಜ. ಆದರೆ ಹಿಡಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಬಿಸಾಡಲೂ ಬೇಕಿರಲಿಲ್ಲ. ಈಗಿನ ಪೊರಕೆಗೆ ಖಾತೆ ಇದೆ, ಗುಪ್ತಪದ ಇದೆ, ಒಬ್ಬ ಮಾಲೀಕ ಇದ್ದಾನೆ. ಮಿಕ್ಕವರು ಅವನು ಕರೆದರೆ ಮಾತ್ರ ಸದಸ್ಯರು. ಇಂಥ ಯಂತ್ರ ಕೊಂಡ ಮನೆಗಳಲ್ಲಿ ಏಳುವ ಸಣ್ಣ ಜಗಳಗಳ ಬೇರು ಬಹುಪಾಲು ಇಲ್ಲೇ ಇರುವುದರಿಂದ, ಇದು ಹೇಗಾಯಿತು, ಯಜಮಾನಿಕೆಯನ್ನು ಹಂಚುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಗುಂಡಿಯಿಂದ ಫೋನಿಗೆ

ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿ 2001ರಲ್ಲಿ 'ಟ್ರೈಲೊಬೈಟ್' ಎಂಬ ಕಸ ಹೀರುವ ರೋಬಾಟನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ, 2002ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಐರೋಬಾಟ್ ಕಂಪನಿಯ 'ರೂಂಬಾ' ಬಂತು. ಈ ಜಾತಿಯ ಯಂತ್ರಗಳನ್ನು ಮನೆಮನೆಗೆ ಮುಟ್ಟಿಸಿದ್ದು ಅದೇ. ಆ ಮೊದಲ ರೂಂಬಾಕ್ಕೆ ಮನೆಯ ನಕ್ಷೆ ಗೊತ್ತಿರಲಿಲ್ಲ. ಗೋಡೆಗೆ ತಾಗಿ, ತಿರುಗಿ, ಕುರ್ಚಿಗೆ ತಾಗಿ, ಮತ್ತೆ ತಿರುಗಿ, ಕಣ್ಣುಕಟ್ಟಿದ ಆಟದ ಹುಡುಗನಂತೆ ಓಡಾಡಿಯೇ ನೆಲ ಮುಗಿಸುತ್ತಿತ್ತು. ಅದಕ್ಕೆ ಯಜಮಾನನೂ ಇರಲಿಲ್ಲ. ಬೆನ್ನ ಮೇಲಿನ ಗುಂಡಿಯನ್ನು ಯಾರು ಒತ್ತಿದರೂ ಹೊರಡುತ್ತಿತ್ತು. ಬುದ್ಧಿ ಕಮ್ಮಿ ಇದ್ದರೂ ಎಲ್ಲರ ಮಾತು ಕೇಳುತ್ತಿತ್ತು.

2015ರಲ್ಲಿ ಕ್ಯಾಮೆರಾದಿಂದ ನಕ್ಷೆ ಬರೆಯುವ, ವೈಫೈಗೆ ಸೇರುವ ರೂಂಬಾ 980 ಬಂತು. ಮರುವರ್ಷ ಚೀನಾದ ಶಿಯೋಮಿಯ ಯಂತ್ರ, ತಲೆಯ ಮೇಲೆ ತಿರುಗುವ ಲೇಸರ್ ಕಣ್ಣಿನಿಂದ ಕೋಣೆ ಅಳೆಯುವ ಸೌಲಭ್ಯವನ್ನು ಅಗ್ಗದ ಬೆಲೆಗೆ ಕೊಟ್ಟಿತು. ಯಂತ್ರ ಜಾಣವಾಯಿತು, ಅಧಿಕಾರ ಗುಂಡಿಯಿಂದ ಫೋನಿಗೆ ಜಾರಿತು.

ಈ ಜಾರುವಿಕೆ ನಡೆಯುವುದು ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದ ಮೊದಲ ಹತ್ತು ನಿಮಿಷದಲ್ಲಿ. ಹೊಸ ಯಂತ್ರ ತನ್ನದೇ ಒಂದು ಪುಟ್ಟ ವೈಫೈ ಬಿಡುತ್ತದೆ. ಯಾರದೋ ಫೋನು ಅದಕ್ಕೆ ಸೇರಿ, ಮನೆಯ ವೈಫೈ ಹೆಸರನ್ನೂ ಗುಪ್ತಪದವನ್ನೂ ಅದರ ಕಿವಿಯಲ್ಲಿ ಊದುತ್ತದೆ. ಯಂತ್ರ ಅಂತರ್ಜಾಲಕ್ಕೆ ಬಂದು ಕಂಪನಿಯ ಸರ್ವರಿಗೆ ವರದಿ ಒಪ್ಪಿಸುತ್ತದೆ: ನಾನು ಇಂಥ ಸಂಖ್ಯೆಯ ಯಂತ್ರ, ಇಂಥ ಖಾತೆಗೆ ಸೇರಿದವನು. ಅಲ್ಲಿಗೆ ನಾಮಕರಣ ಮುಗಿಯಿತು, ತಂದೆಯ ಹೆಸರೂ ದಾಖಲಾಯಿತು. ಇನ್ನು ಮುಂದೆ ನೀವು ಹಾಲ್‌ನಲ್ಲಿ ಕೂತು, ಎದುರಿಗೇ ಇರುವ ಯಂತ್ರಕ್ಕೆ 'ಗುಡಿಸು' ಎಂದು ಫೋನಿನಲ್ಲಿ ಒತ್ತಿದರೂ, ಆ ಮಾತು ಸಾಮಾನ್ಯವಾಗಿ ಎಲ್ಲೋ ಇರುವ ಸರ್ವರಿಗೆ ಹೋಗಿ, ಅಲ್ಲಿ 'ಹೇಳಿದವರು ಯಾರು, ಇವರಿಗೆ ಹಕ್ಕಿದೆಯೇ' ಎಂಬ ವಿಚಾರಣೆ ಮುಗಿಸಿಕೊಂಡು ವಾಪಸ್ಸು ಬರುತ್ತದೆ. ಮೂರು ಅಡಿ ದೂರದ ಕಸಕ್ಕೆ ಸಾವಿರಾರು ಮೈಲಿಯ ದಾರಿ.

ಈಗ ಮನೆಯ ಇನ್ನೊಬ್ಬರು ತಮ್ಮ ಫೋನಿನಲ್ಲೂ ಅದೇ ಆ್ಯಪ್ ಹಾಕಿಕೊಂಡು 'ಹೊಸ ಯಂತ್ರ ಸೇರಿಸು' ಎಂದು ಒತ್ತಿದರೆ? ಕೆಲವು ಯಂತ್ರಗಳು 'ನಾನು ಬೇರೆಯವರಿಗೆ ಸೇರಿದವನು' ಎಂದು ನಿರಾಕರಿಸುತ್ತವೆ. ಇನ್ನು ಕೆಲವು, ವೈಫೈ ಮರುಹೊಂದಿಸಿದರೆ, ಮೊದಲಿನವರನ್ನು ಕೈಬಿಟ್ಟು ಹೊಸಬರ ಖಾತೆಗೆ ಹೋಗಿಬಿಡುತ್ತವೆ. ಬರೆದಿದ್ದ ನಕ್ಷೆಯೂ ಅದರ ಜೊತೆ ಅಳಿಸಿಹೋಗಬಹುದು. ಹಂಚಿಕೊಳ್ಳಲು ಹೋದವರು ಗೊತ್ತಿಲ್ಲದೆ ಕಿತ್ತುಕೊಂಡಿರುತ್ತಾರೆ.

ಹಂಚುವ ಮೂರು ದಾರಿ

ಮೊದಲನೆಯದು ನಾವೆಲ್ಲ ಮಾಡುವುದು: ಗುಪ್ತಪದ ಹೇಳಿಬಿಡುವುದು. ಒಂದೇ ಖಾತೆಯಲ್ಲಿ ಮನೆಮಂದಿಯೆಲ್ಲ. ಸುಲಭ ನಿಜ, ಆದರೆ ಯಾರು ಏನು ಮಾಡಿದರು ಎಂಬ ಲೆಕ್ಕ ಸಿಗುವುದಿಲ್ಲ. ನಕ್ಷೆ ಅಳಿಸಿದ್ದು ಮಗಳೋ ಮೈದುನನೋ ತಿಳಿಯುವುದಿಲ್ಲ. ಒಬ್ಬರನ್ನು ಬಿಡಿಸಬೇಕಾದರೆ ಎಲ್ಲರಿಗೂ ಹೊಸ ಗುಪ್ತಪದ ಹಂಚಬೇಕು. ಅದೇ ಗುಪ್ತಪದ ನಿಮ್ಮ ಇಮೇಲಿಗೂ ಇದ್ದರಂತೂ, ಪೊರಕೆ ಕೊಡಲು ಹೋಗಿ ಬೀರುವಿನ ಕೀ ಕೊಟ್ಟಂತೆ.

ಎರಡನೆಯದು ಆ್ಯಪ್ ಒಳಗಿನ 'ಶೇರ್' ಸೌಲಭ್ಯ. ಮಾಲೀಕನು ಸೆಟ್ಟಿಂಗ್ಸ್‌ನಲ್ಲಿ ಇನ್ನೊಬ್ಬರ ನೋಂದಾಯಿತ ಸಂಖ್ಯೆಯನ್ನೋ ಇಮೇಲನ್ನೋ ಹಾಕಿ ಆಹ್ವಾನ ಕಳಿಸುತ್ತಾನೆ, ಅವರು ಒಪ್ಪಿಕೊಳ್ಳುತ್ತಾರೆ. ಹೀಗೆ ಬಂದವರು ಗುಡಿಸಲು ಹೇಳಬಹುದು, ನಿಲ್ಲಿಸಬಹುದು, ಚಾರ್ಜಿಗೆ ವಾಪಸ್ಸು ಕಳಿಸಬಹುದು. ಯಂತ್ರವನ್ನು ಖಾತೆಯಿಂದ ತೆಗೆಯುವುದು, ತಂತ್ರಾಂಶ ನವೀಕರಿಸುವುದು, ಇನ್ನೊಬ್ಬರಿಗೆ ಹಂಚುವುದು ಸಾಮಾನ್ಯವಾಗಿ ಮಾಲೀಕನ ಕೈಯಲ್ಲೇ ಉಳಿಯುತ್ತದೆ. ಹೆಚ್ಚಿನ ಮನೆಗಳಿಗೆ ಇದೇ ಸರಿಯಾದ ದಾರಿ. ಬೇಡವಾದಾಗ ಒಬ್ಬರ ಹೆಸರನ್ನಷ್ಟೇ ತೆಗೆದರೆ ಆಯಿತು.

ಇದರಲ್ಲೊಂದು ಮುಳ್ಳಿದೆ. ಅನೇಕ ಆ್ಯಪ್‌ಗಳಲ್ಲಿ ಖಾತೆ ತೆರೆಯುವಾಗ ದೇಶ ಯಾವುದು ಎಂದು ಕೇಳುತ್ತದೆ. ಅದು ಬರೀ ವಿಳಾಸ ಕೇಳುವ ಉಪಚಾರವಲ್ಲ. ನಿಮ್ಮ ಖಾತೆ ಯಾವ ಭೂಭಾಗದ ಸರ್ವರಿನಲ್ಲಿ ಇರಬೇಕು ಎಂಬುದು ಆಗಲೇ ತೀರ್ಮಾನವಾಗುತ್ತದೆ. ಬೇರೆ ಬೇರೆ ಭೂಭಾಗದ ಖಾತೆಗಳು ಒಂದನ್ನೊಂದು ಕಾಣುವುದಿಲ್ಲ. ಮೈಸೂರಿನಲ್ಲಿ ನನಗೆ ಪರಿಚಯದ ಹಿರಿಯ ದಂಪತಿ ಇದ್ದಾರೆ. ಮಗ ನ್ಯೂಜೆರ್ಸಿಯಲ್ಲಿ. ರಜೆಗೆ ಬಂದವನು ಅಪ್ಪ-ಅಮ್ಮನಿಗೆ ಸುಖವಾಗಲೆಂದು ಇಂಥದೊಂದು ಯಂತ್ರ ತಂದು, ತನ್ನ ಫೋನಿಗೇ ಜೋಡಿಸಿ, ವಾಪಸ್ಸು ವಿಮಾನ ಹತ್ತಿದ. ಅವನ ಖಾತೆ ಅಮೆರಿಕದ್ದು. ಅಪ್ಪ ಭಾರತ ಎಂದು ಒತ್ತಿ ಖಾತೆ ತೆರೆದರು. ಅವನು ಆಹ್ವಾನ ಕಳಿಸಿದರೆ 'ಇಂಥ ಬಳಕೆದಾರರಿಲ್ಲ' ಎಂಬ ಉತ್ತರ. ಹದಿನೈದು ದಿನ ವಿಡಿಯೊ ಕಾಲ್‌ನಲ್ಲಿ ಇದೇ ಪಾಠ ನಡೆಯಿತು. ಅಷ್ಟು ದಿನವೂ ಮಗನೇ ಅಲ್ಲಿಂದ ಗುಡಿಸಿದ. ಅವನಿಗೆ ರಾತ್ರಿ ಊಟವಾಗಿ ಒಂಬತ್ತು ಗಂಟೆಗೆ ನೆನಪಾದರೆ ಮೈಸೂರಿನಲ್ಲಿ ಬೆಳಗಿನ ಆರೂವರೆ, ಅಪ್ಪ ಪೇಪರು ಹರಡಿಕೊಂಡು ಕೂತ ಹೊತ್ತು. 'ಮಗ ಫೋನ್ ಮಾಡೋದು ವಾರಕ್ಕೊಂದು ಸಲ, ಕಸ ಗುಡಿಸೋದು ಮಾತ್ರ ದಿನಾ' ಎಂದು ಅವನ ತಾಯಿ ನಕ್ಕರು. ಕೊನೆಗೆ ಮಗನ ಖಾತೆಯಿಂದ ಯಂತ್ರವನ್ನು ಬಿಡಿಸಿ, ಅಪ್ಪನ ಭಾರತದ ಖಾತೆಗೆ ಹೊಸದಾಗಿ ಜೋಡಿಸಿದ ಮೇಲೆ ಮನೆಯ ಪೊರಕೆ ಮನೆಗೆ ಬಂತು.

ಮೂರನೆಯ ದಾರಿ, ಯಂತ್ರವನ್ನು ಹಂಚುವ ಬದಲು ಇಡೀ 'ಮನೆ'ಯನ್ನೇ ಹಂಚುವುದು. ಗೂಗಲ್ ಹೋಮ್, ಆ್ಯಪಲ್ ಹೋಮ್, ಅಲೆಕ್ಸಾ ಮುಂತಾದವು ದೀಪ, ಫ್ಯಾನು, ಗುಡಿಸುವ ಯಂತ್ರ ಎಲ್ಲವನ್ನೂ ಒಂದು ಮನೆಯ ಕೆಳಗೆ ತರುತ್ತವೆ. ಆ ಮನೆಗೆ ಸದಸ್ಯರನ್ನು ಕರೆಯಬಹುದು. ಈ ವ್ಯವಸ್ಥೆಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಒದ್ದಾಡುತ್ತಿದ್ದಾಗ, ದೊಡ್ಡ ಕಂಪನಿಗಳೆಲ್ಲ ಸೇರಿ 'ಮ್ಯಾಟರ್' ಎಂಬ ಒಂದು ಸಾಮಾನ್ಯ ಮಾನದಂಡ ರೂಪಿಸಿದವು. ಅದರ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ. ಗುಡಿಸುವ ರೋಬಾಟುಗಳು ಅದರೊಳಗೆ ಸೇರಿದ್ದು 2023ರ ಅಕ್ಟೋಬರಿನ 1.2 ಆವೃತ್ತಿಯಲ್ಲಿ. ಆ್ಯಪಲ್ ಹೋಮ್ ಈ ಯಂತ್ರಗಳಿಗೆ ಬಾಗಿಲು ತೆರೆದದ್ದು 2025ರಲ್ಲಿ.

ನಮ್ಮ ವಿಷಯಕ್ಕೆ ಮ್ಯಾಟರ್‌ನಲ್ಲಿ ಮುಖ್ಯವಾದದ್ದು ಅದರ ಬಹು ಆಡಳಿತದ ಏರ್ಪಾಡು. ಒಂದು ಯಂತ್ರ ಕನಿಷ್ಠ ಐದು ವ್ಯವಸ್ಥೆಗಳ ಮಾತನ್ನು ಏಕಕಾಲಕ್ಕೆ ಕೇಳಲು ಸಿದ್ಧವಿರಬೇಕು ಎಂಬುದು ಅದರ ನಿಯಮ. ಗಂಡನ ಐಫೋನು, ಹೆಂಡತಿಯ ಆಂಡ್ರಾಯ್ಡ್, ಹಾಲ್‌ನಲ್ಲಿರುವ ಸ್ಪೀಕರು, ಮೂರೂ ಸರಿಸಮಾನ ಯಜಮಾನರಾಗಬಹುದು. ಆದರೆ ಈ ದಾರಿಯಲ್ಲಿ ಸಿಗುವುದು ಹೊರಡು, ನಿಲ್ಲು, ವಾಪಸ್ಸು ಹೋಗು, ಇಂಥ ಕೋಣೆ ಗುಡಿಸು ಎಂಬಷ್ಟು. ನಕ್ಷೆ ತಿದ್ದುವಂಥ ಸೂಕ್ಷ್ಮ ಕೆಲಸಕ್ಕೆ ಕಂಪನಿಯ ಸ್ವಂತ ಆ್ಯಪ್‌ಗೇ ಹೋಗಬೇಕು. ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತು ಇದೆಯೇ ನೋಡಿ. ಬರೀ ಎಳೆತದ ಶಕ್ತಿಯ ಅಂಕಿ ನೋಡಿ ಕೊಂಡರೆ ಆಮೇಲೆ ಮನೆಯೊಳಗಿನ ಎಳೆದಾಟಕ್ಕೆ ಮದ್ದು ಸಿಗುವುದಿಲ್ಲ.

ಒಂದೇ ನಕ್ಷೆ, ಹಲವು ಕೈ

ಫೋನುಗಳು ನಾಲ್ಕಾದರೂ ಯಂತ್ರ ಒಂದೇ, ಅದರ ತಲೆಯೊಳಗಿನ ನಕ್ಷೆಯೂ ಒಂದೇ. ಅಧಿಕಾರ ಹಂಚಿದ ಮೇಲೆ ಹುಟ್ಟುವ ಹೊಸ ತಂಟೆಗಳು ಇಲ್ಲಿಂದ ಬರುತ್ತವೆ.

ನಕ್ಷೆಯಲ್ಲಿ 'ಇಲ್ಲಿ ಕಾಲಿಡಬೇಡ' ಎಂಬ ಗೆರೆಗಳನ್ನು ಎಳೆಯಬಹುದು. ನಮ್ಮ ಮನೆಯಲ್ಲಿ ದೇವರ ಮುಂದೆ ಅಮ್ಮ ರಂಗೋಲಿ ಹಾಕುತ್ತಾಳೆ. ಗುಂಡನಿಗೆ ರಂಗೋಲಿಯೂ ಒಂದೇ, ಚೆಲ್ಲಿದ ಹಿಟ್ಟೂ ಒಂದೇ. ಹಳೆಯ ಮನೆಗಳಲ್ಲಿ ಈ ಚಿಂತೆ ಇಲ್ಲ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಸುಮಾರು ಎರಡು ಸೆಂಟಿಮೀಟರಿನಷ್ಟು ಎತ್ತರವನ್ನಷ್ಟೇ ಹತ್ತಬಲ್ಲವು. ಆ ಮನೆಗಳ ಹೊಸಿಲುಗಳು ಅವಕ್ಕೆ ಕೋಟೆಗೋಡೆ. ಆದರೆ ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಹೊಸಿಲೇ ಇಲ್ಲವಾದ್ದರಿಂದ ಫೋನಿನಲ್ಲಿ ಗೆರೆ ಎಳೆದು ಹೊಸಿಲು ಕಟ್ಟಬೇಕು. ನಾನು ಕಟ್ಟಿದ್ದ ಹೊಸಿಲನ್ನು ಮಗಳು ಒಂದು ದಿನ ನಕ್ಷೆಗೆ ಬಣ್ಣ ಬದಲಿಸುವಾಗ ಅಳಿಸಿದಳು. ಮರುದಿನ ದೇವರ ಮುಂದಿನ ಅಷ್ಟದಳ ಪದ್ಮ ಸೋಫಾದ ಅಡಿಯವರೆಗೂ ಅರಳಿತ್ತು. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಓಡಿಸುವ ಹಕ್ಕು ಎಲ್ಲರಿಗೂ, ನಕ್ಷೆ ಮುಟ್ಟುವ ಹಕ್ಕು ಇಬ್ಬರಿಗೆ ಮಾತ್ರ.

ಕರಿಗ್ರಾನೈಟು, ಕಡಪ ಕಲ್ಲಿನ ನೆಲವಿರುವ ಮನೆಗಳಲ್ಲಿ ಇನ್ನೊಂದು ವಿಚಿತ್ರ. ಮೆಟ್ಟಿಲಿನಿಂದ ಬೀಳದಿರಲೆಂದು ಯಂತ್ರದ ಹೊಟ್ಟೆಯಡಿ ಅವಗೆಂಪು ಕಿರಣ ಬಿಡುವ ಕಣ್ಣುಗಳಿರುತ್ತವೆ. ನೆಲಕ್ಕೆ ತಗುಲಿ ಕಿರಣ ವಾಪಸ್ಸು ಬಂದರೆ ನೆಲವಿದೆ ಎಂದರ್ಥ, ಬಾರದಿದ್ದರೆ ಪ್ರಪಾತ. ಕಪ್ಪು ಕಲ್ಲು ಕಿರಣವನ್ನು ನುಂಗಿಬಿಡುವುದರಿಂದ ಯಂತ್ರ ನಡುಮನೆಯಲ್ಲೇ ಪ್ರಪಾತ ಕಂಡು ಹೆದರಿ ನಿಲ್ಲುತ್ತದೆ. ಮನೆಯವರು ಮಾತ್ರ ಒಬ್ಬರ ಮೇಲೊಬ್ಬರು ಗೂಬೆ ಕೂರಿಸುತ್ತಾರೆ: ನೀನೇ ಏನೋ ಒತ್ತಿರಬೇಕು!

ಸಮಯದ ಹಂಚಿಕೆ ಇದಕ್ಕಿಂತ ಕಷ್ಟ. ನಾನು ಬೆಳಗ್ಗೆ ಏಳಕ್ಕೆ ಎಂದು ಹೊತ್ತು ಗೊತ್ತು ಮಾಡಿದ್ದೆ. ಆ ಹೊತ್ತಿಗೆ ಮಗಳ ಶಾಲೆಯ ಗಡಿಬಿಡಿ. ಹೆಂಡತಿ ಸಂಜೆ ಏಳಕ್ಕೆ ಎಂದು ಬದಲಾಯಿಸಿದಳು. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಅಮ್ಮ ತಡೆದಳು. ಮಧ್ಯಾಹ್ನ ಅವಳ ನಿದ್ದೆ. ಯಂತ್ರ ಇವರಲ್ಲಿ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಕೊನೆಗೆ ಯಾರು ಹೇಳಿದರೋ ಅವರ ಮಾತು ಕೇಳುತ್ತದೆ. 'ತೊಂದರೆ ಕೊಡಬೇಡ' ಎಂಬ ಹೊತ್ತನ್ನು ನಿಗದಿ ಮಾಡುವ ಸೌಲಭ್ಯ ಇದೆ, ಆದರೆ ಅದು ಯಂತ್ರಕ್ಕೊಂದು, ಆಳಿಗೊಂದಲ್ಲ. ಆದ್ದರಿಂದ ಮೊದಲು ಒಂದು ಪಂಚಾಂಗ ಮನೆಯವರ ನಡುವೆ ಬಾಯಿಮಾತಿನಲ್ಲಿ ಆಗಬೇಕು. ಆ್ಯಪ್‌ನಲ್ಲಿ ಬರೆಯುವುದು ಆಮೇಲೆ. ನಾವು ಮಾಡಿದ್ದು ಇದರ ತಿರುವುಮುರುವು.

ಕೆಲಸ ಒಬ್ಬರದು, ಅಧಿಕಾರ ಇನ್ನೊಬ್ಬರದು

ಇಷ್ಟೆಲ್ಲ ತಾಂತ್ರಿಕ ಗಂಟು ಬಿಚ್ಚಿದ ಮೇಲೂ ಒಂದು ಗಂಟು ಉಳಿಯುತ್ತದೆ. ಗುಂಡನ ಹೊಟ್ಟೆ ತುಂಬಿದಾಗ 'ಕಸದ ಡಬ್ಬಿ ತುಂಬಿದೆ' ಎಂಬ ಸಂದೇಶ ಬರುವುದು ಮಾಲೀಕನ ಫೋನಿಗೆ. ಮಾಲೀಕ ಆಫೀಸಿನಲ್ಲಿರುತ್ತಾನೆ. ಡಬ್ಬಿ ಮನೆಯಲ್ಲಿರುತ್ತದೆ. ಮಾಲೀಕ ಮನೆಗೆ ಫೋನು ಮಾಡಿ, 'ಡಬ್ಬಿ ತುಂಬಿದೆಯಂತೆ, ಸ್ವಲ್ಪ ಖಾಲಿ ಮಾಡು' ಎನ್ನುತ್ತಾನೆ. ಇಂಥ ಒಂದು ಫೋನಿಗೆ ನನ್ನ ಹೆಂಡತಿ, 'ಮೊದಲು ನಾನು ಕಸ ನೋಡಿ ಗುಡಿಸ್ತಿದ್ದೆ, ಈಗ ನಿಮ್ಮ ಫೋನು ನೋಡಿ ನೀವು ಹೇಳಿದಾಗ ಗುಡಿಸಬೇಕು, ಅಷ್ಟೇ ತಾನೆ' ಎಂದಳು. ಬ್ರಷ್ಷಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಬಿಡಿಸುವುದು, ಒರೆಸುವ ಬಟ್ಟೆ ಒಗೆದು ಒಣಗಿಸುವುದು, ನೆಲದ ಮೇಲಿನ ಚಾರ್ಜರು ವೈರು, ಕಾಲ್ಚೀಲ ಎತ್ತಿಡುವುದು, ಇವು ಯಾವ ಜಾಹೀರಾತಿನಲ್ಲೂ ಇಲ್ಲದ ಕೆಲಸಗಳು. ನಮ್ಮಲ್ಲಿ ಬಹಳ ಕಾಲ ಇವನ್ನು ಮಾಡಿದ್ದು ಅವಳು. ಅವಳು ರಜೆ ಹಾಕಿದ ದಿನ, ಪಾತ್ರೆ ತೊಳೆಯಲು ಬರುವಾಕೆ. ಆ್ಯಪ್‌ನಲ್ಲಿ ಇಬ್ಬರ ಹೆಸರೂ ಇರಲಿಲ್ಲ.

ಕೇಂದ್ರ ಸರ್ಕಾರ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಯಂತ್ರದ ಮಾಲೀಕತ್ವದಲ್ಲಿ ಈ ಲೆಕ್ಕ ಬಹಳ ಸಲ ತಲೆಕೆಳಗಾಗುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಗೆಂಗ್ ಮತ್ತು ಫ್ರಾನ್ಸಿಸ್ಕಾ ರೋಸ್ನರ್ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಹಲವರು ಇರುವ ಸ್ಮಾರ್ಟ್ ಮನೆಗಳಲ್ಲಿ ಹಿಡಿತ ಯಾರದು ಎಂದು ಕೇಳಿತು. ಯಂತ್ರವನ್ನು ಆರಿಸಿ, ತಂದು, ಜೋಡಿಸಿದವರ ಕೈಯಲ್ಲೇ ಹಿಡಿತ ಉಳಿಯುತ್ತದೆ, ಮಿಕ್ಕವರು ಅವರ ಮೇಲೆ ಅವಲಂಬಿಸುತ್ತಾರೆ ಎಂಬುದು ಅದರಲ್ಲಿ ಎದ್ದು ಕಂಡ ಸಂಗತಿ. ಇದಕ್ಕೂ ಬಹಳ ಹಿಂದೆ, 1983ರಲ್ಲೇ, ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ ಮನೆಯ ಯಂತ್ರಗಳು ತಾಯಿಯ ಕೆಲಸವನ್ನು ಯಾಕೆ ಕಡಿಮೆ ಮಾಡಲಿಲ್ಲ ಎಂದು ಒಂದು ಪುಸ್ತಕವನ್ನೇ ಬರೆದರು. ಯಂತ್ರ ಬಂದಾಗಲೆಲ್ಲ ಗಂಡಸರೂ ಮಕ್ಕಳೂ ಮಾಡುತ್ತಿದ್ದ ಪಾಲು ಕರಗಿತು, ಶುಚಿತ್ವದ ನಿರೀಕ್ಷೆ ಏರಿತು, ತಾಯಿ ಅಲ್ಲೇ ಉಳಿದಳು ಎಂಬುದು ಅವರ ವಾದದ ತಿರುಳು.

ನನಗೆ ಈಗ ಅನ್ನಿಸುವುದು ಇಷ್ಟು: ಯಂತ್ರವನ್ನು ಕೊಂಡವರು ಯಾರು, ಜೋಡಿಸಿದವರು ಯಾರು ಎಂದು ನೋಡಿ ಹಕ್ಕು ಕೊಡಬಾರದು. ಅದರ ಡಬ್ಬಿ ಯಾರು ಖಾಲಿ ಮಾಡುತ್ತಾರೆ, ಅದು ಓಡುವಾಗ ಮನೆಯಲ್ಲಿ ಯಾರಿರುತ್ತಾರೆ ಎಂದು ನೋಡಿ ಕೊಡಬೇಕು. ಮನೆಯಲ್ಲಿರುವವರಿಗೆ ನಿಲ್ಲಿಸುವ ಹಕ್ಕು ಮೊದಲು, ದೂರದಲ್ಲಿರುವವರಿಗೆ ಓಡಿಸುವ ಹಕ್ಕು ಆಮೇಲೆ. ತುಂಬಿದ ಡಬ್ಬಿಯ ಸಂದೇಶ ಎಲ್ಲ ಫೋನುಗಳಿಗೂ ಬರಲಿ, ನನ್ನಂಥವರ ಫೋನಿಗೆ ಸ್ವಲ್ಪ ಜೋರಾಗಿಯೇ ಬರಲಿ.

ಕಣ್ಣಿರುವ ಪೊರಕೆ

ಈಗಿನ ಹಲವು ಮಾದರಿಗಳಿಗೆ ಕ್ಯಾಮೆರಾ ಇದೆ, ಕೆಲವಕ್ಕೆ ಮೈಕೂ ಇದೆ. ದೂರದಿಂದ ಮನೆ ನೋಡಬಹುದು, ಮಾತಾಡಬಹುದು. ಹಾಗಾಗಿ ಇಂಥ ಯಂತ್ರದ ಹಕ್ಕು ಹಂಚುವುದು ಪೊರಕೆ ಹಂಚಿದಂತಲ್ಲ, ಕಿಟಕಿ ಹಂಚಿದಂತೆ.

ರೂಂಬಾದ ಪರೀಕ್ಷಾ ಯಂತ್ರಗಳು 2020ರಲ್ಲಿ ಮನೆಗಳೊಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿ ಕೂತ ಹೆಂಗಸಿನ ಚಿತ್ರವೂ ಸೇರಿ, ಸಾಮಾಜಿಕ ಜಾಲತಾಣದ ಗುಂಪುಗಳಿಗೆ ಸೋರಿದ್ದನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಬಯಲಿಗೆಳೆಯಿತು. ಅವು ಅಂಗಡಿಯಲ್ಲಿ ಮಾರಿದ ಯಂತ್ರಗಳಲ್ಲ, ಒಪ್ಪಿಗೆ ಕೊಟ್ಟವರ ಮನೆಯಲ್ಲಿದ್ದವು ಎಂದು ಕಂಪನಿ ಹೇಳಿತು. ಆ ಒಪ್ಪಿಗೆಗೆ ಸಹಿ ಹಾಕಿದವರು ಯಾರು, ಮನೆಯ ಮಿಕ್ಕವರು ಹಾಕಿದ್ದರೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ಕಂಪನಿಯ ಯಂತ್ರಗಳೊಳಗೆ ಯಾರೋ ನುಸುಳಿ, ಅವುಗಳ ಸ್ಪೀಕರಿನಿಂದಲೇ ಮನೆಯವರಿಗೆ ಜನಾಂಗೀಯ ಬೈಗುಳ ಬೈದರು.

ಹೊರಗಿನ ಕಳ್ಳ ಅಪರೂಪ. ಒಳಗಿನ ಕಣ್ಣು ದಿನನಿತ್ಯದ್ದು. ಮನೆಯ ದೀಪ, ಬೀಗ, ಕ್ಯಾಮೆರಾಗಳನ್ನು ಸಂಗಾತಿಯನ್ನು ಹೆದರಿಸಲು, ಕಾಯಲು ಬಳಸುವವರ ಬಗ್ಗೆ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿವರವಾಗಿ ಬರೆದಿತ್ತು. ಬಹುತೇಕ ಪ್ರಸಂಗಗಳಲ್ಲಿ ಯಂತ್ರ ಜೋಡಿಸಿ ಗುಪ್ತಪದ ಇಟ್ಟುಕೊಂಡವನು ಗಂಡಸೇ ಆಗಿದ್ದ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಂಪನಿಗಳನ್ನು ಪ್ರಶ್ನಿಸಲು ದಾರಿ ಕೊಡುತ್ತದೆ. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೆ, ಮನೆಯ ಬಳಕೆಗೆ ಮಾಡುವ ದತ್ತಾಂಶದ ಕೆಲಸಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೊಸಿಲೊಳಗಿನ ಮರ್ಯಾದೆಯನ್ನು ಹೊಸಿಲೊಳಗಿನವರೇ ಕಾಯಬೇಕು. ಕ್ಯಾಮೆರಾ ಇದ್ದರೆ ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವಾಕೆಗೂ, ಅದು ಇದೆ ಎಂದು ಹೇಳಿ. ಅವರು ಬೇಡವೆಂದರೆ ದೂರದಿಂದ ನೋಡುವ ಸೌಲಭ್ಯ ಆರಿಸಿಡಿ. ನೆಲ ಗುಡಿಸಲು ನೆಲ ಕಂಡರೆ ಸಾಕು.

ಯಜಮಾನ ಇಲ್ಲವಾದಾಗ

ಮಾಲೀಕ ಒಬ್ಬನೇ ಆಗಿರುವ ವ್ಯವಸ್ಥೆಯಲ್ಲಿ ಅವನು ಮನೆ ಬಿಟ್ಟರೆ, ತೀರಿಕೊಂಡರೆ, ಫೋನು ಕಳೆದರೆ, ಯಂತ್ರ ಅನಾಥ. ಇದಕ್ಕೊಂದು ಸರಳ ಉಪಾಯವಿದೆ. ಯಾರ ವೈಯಕ್ತಿಕ ಇಮೇಲಿಗೂ ಜೋಡಿಸದೆ, ಮನೆಗೆಂದೇ ಒಂದು ಇಮೇಲು ತೆರೆದು ಅದನ್ನು ಮಾಲೀಕ ಮಾಡಿ. ಗುಪ್ತಪದವನ್ನು ಗ್ಯಾಸ್ ಪುಸ್ತಕ, ರೇಷನ್ ಕಾರ್ಡು ಇಡುವ ಜಾಗದಲ್ಲಿ ಬರೆದಿಡಿ. ಮನೆಯ ಪ್ರತಿಯೊಬ್ಬರೂ ಅಲ್ಲಿಂದ ಆಹ್ವಾನ ಪಡೆದ ಸದಸ್ಯರಾಗಲಿ. ಆಗ ಯಜಮಾನ ಯಾವ ಮನುಷ್ಯನೂ ಅಲ್ಲ, ಮನೆ.

ಮಾರುವಾಗಲೋ ಯಾರಿಗಾದರೂ ಕೊಡುವಾಗಲೋ ಆ್ಯಪ್‌ನಿಂದ ತೆಗೆದರಷ್ಟೇ ಸಾಲದು, ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ಮರುಹೊಂದಿಸಬೇಕು. ಭದ್ರತಾ ಸಂಶೋಧಕ ಡೆನಿಸ್ ಗೀಸೆ ಮತ್ತು ಸಂಗಡಿಗರು 2024ರ ಆಗಸ್ಟಿನಲ್ಲಿ, ಖಾತೆ ಅಳಿಸಿದ ಮೇಲೂ ಪ್ರವೇಶದ ಗುರುತುಚೀಟಿ ಸರ್ವರಿನಲ್ಲಿ ಉಳಿದು, ಹಳೆಯ ಮಾಲೀಕ ಹೊಸಬರ ಮನೆಯೊಳಗೆ ಇಣುಕುವ ಸಾಧ್ಯತೆಯನ್ನು ಇಕೋವ್ಯಾಕ್ಸ್ ಯಂತ್ರಗಳ ವಿಷಯದಲ್ಲಿ ತೋರಿಸಿದ್ದರು.

ಕಂಪನಿಯೇ ಇಲ್ಲವಾಗುವುದೂ ಉಂಟು. ಲೇಸರ್ ನಕ್ಷೆಯ ಯಂತ್ರಗಳನ್ನು ಮನೆಗಳಿಗೆ ಮೊದಲು ತಂದವರಲ್ಲಿ ಒಂದಾದ ನೀಟೋ 2023ರಲ್ಲಿ ಬಾಗಿಲು ಹಾಕಿತು. ರೂಂಬಾ ಕೊಟ್ಟ ಐರೋಬಾಟ್ 2025ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಸರ್ವರ್ ಆರಿದ ದಿನ ಆ್ಯಪ್ ಮೂಕವಾಗುತ್ತದೆ, ಬೆನ್ನ ಮೇಲಿನ ಗುಂಡಿ ಮಾತ್ರ ಉಳಿಯುತ್ತದೆ. ಖಾತೆ ಕೇಳದ, ಗುಪ್ತಪದ ಕೇಳದ ಆ ಗುಂಡಿಯನ್ನು ನಾವು ಮರೆತೇಬಿಟ್ಟಿದ್ದೆವು.

ಹುಬ್ಬಳ್ಳಿಯಿಂದ ಬಂದ ಭಾನುವಾರ ಎಲ್ಲರೂ ಕೂತೆವು. 'ಎಲ್ಲರೂ ಹೊರಗೆ ಹೋದಾಗ' ಎಂಬುದನ್ನು ನಾನು ಅಳಿಸಿದೆ. ಮನೆಯ ಹೆಸರಿನ ಇಮೇಲಿಗೆ ಗುಂಡನನ್ನು ಜೋಡಿಸಿದೆವು, ಹೆಂಡತಿಗೂ ಮಗಳಿಗೂ ಆಹ್ವಾನ ಹೋಯಿತು. ಇಷ್ಟು ದಿನ ಒಡೆಯನಾಗಿದ್ದವನು ಆಹ್ವಾನಕ್ಕೆ ಕಾದು 'ಒಪ್ಪಿದೆ' ಎಂದು ಒತ್ತುವಾಗ ಸ್ವಲ್ಪ ಕಸಿವಿಸಿಯಾದದ್ದು ಸುಳ್ಳಲ್ಲ. ಅಮ್ಮನಿಗೆ ಆ್ಯಪ್ ಬೇಡವಂತೆ. 'ನನಗೆ ಶುರು ಮಾಡೋದು, ನಿಲ್ಲಿಸೋದು ಎರಡು ತೋರಿಸಿ, ಸಾಕು' ಎಂದಳು. ಕನ್ನಡಕವಿಲ್ಲದೆಯೂ ಕಾಣಲೆಂದು ಮಗಳು ತನ್ನ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ಗುಂಡಿಯ ಮೇಲೆ ಅಂಟಿಸಿದಳು. ಮಂಚದ ಕೆಳಗೂ 'ಕಾಲಿಡಬೇಡ' ಗೆರೆ ಎಳೆದೆವು. ಅಲ್ಲಿನ ಕಸ ವಾರಕ್ಕೊಮ್ಮೆ ಪೊರಕೆ ಹಿಡಿದು ನಾನು ತೆಗೆಯಬೇಕೆಂದು ತೀರ್ಮಾನವಾಯಿತು.

ಈ ವಾರ ಮತ್ತೆ ಹುಬ್ಬಳ್ಳಿಗೆ ಹೊರಟೆ. ಅಮ್ಮ ಬಾಗಿಲಿಗೆ ಬಂದಳು, 'ಹೋಗಿ ಬಾ' ಅಂದಳು. ಆಟೊದಲ್ಲಿ ಫೋನು ಸುಮ್ಮನಿತ್ತು, ನಿಲ್ದಾಣದಲ್ಲೂ ಸುಮ್ಮನಿತ್ತು. ರೈಲು ತುಮಕೂರು ದಾಟಿದ ಮೇಲೆ ಒಮ್ಮೆ ಅದುರಿತು. ಶುಚಿ ಕೆಲಸ ಆರಂಭವಾಗಿದೆ ಎಂಬ ಸಂದೇಶ. ಯಾರು ಆರಂಭಿಸಿದರು ಎಂಬ ಕಡೆ ಯಾರ ಹೆಸರೂ ಇರಲಿಲ್ಲ, 'ಯಂತ್ರದ ಗುಂಡಿಯಿಂದ' ಎಂದಷ್ಟೇ ಇತ್ತು.